ಹತ್ತು ಕಿಲೊಕ್ಕಿಂತ ಕಡಿಮಿ

ನಮ್ಮ ವೇಬ್ರಿಜ್ಜು ಹತ್ತು ಕಿಲೊಕ್ಕಿಂತ ಕಡಿಮಿ ತೋರ್ಸಂಗಿಲ್ಲ.
ಮ್ಯಾಲ ನಾಯಿ ಅಡ್ಡಾಡಿದ್ರ ಒಮ್ಮೊಮ್ಮೆ ಹತ್ತು ಅಂತೈತಿ,
ಬೆಕ್ಕು ಮಲಗಿದ್ರ ಸೊನ್ನಿ.
ಒಂಬತ್ತು ವರ್ಷ ಆತು, ಗಂಗಾವತಿ ದಾಟಿ ಕಾರಟಗಿ ರಸ್ತಾದಾಗ
ಈ ಗಾಜಿನ ಗೂಡಿನೊಳಗ
ನಾನು, ಒಂದು ಫ್ಯಾನು, ಕೆಂಪು ಅಂಕಿ.

ಸುಗ್ಗ್ಯಾಗ ನಡುರಾತ್ರಿ ಎರಡಕ್ಕೂ ಲಾರಿ.
ಕಣ್ಣಾಗ ತೌಡು, ಕಿವ್ಯಾಗ ತೌಡು,
ಚಾದ ಮ್ಯಾಲ ಕೆನಿ ಕಟ್ಟೂಕಿಂತ ಮೊದಲ ತೌಡು.
ಒಂದು ಚೀಟಿ ತಪ್ಪಿಲ್ಲ.

ಹೋದ ಡಿಸೆಂಬರ್‌ದಾಗ ಮಾನ್ವಿ ಕಡಿದೊಂದು ಲಾರಿ.
ತುಂಬಿ ಬಂದಾಗ ಕ್ಯಾಬಿನ್‌ದಾಗ ಐದು ಮಂದಿ,
ಖಾಲಿ ಆಗಿ ಬಂದಾಗ ಡ್ರೈವರ್ ಒಬ್ಬನ, ಸೀಟಿ ಹೊಡಕೋತ.
'ಉಳಿದ ನಾಕು ಮಂದಿನ್ನೂ ಹತ್ತಸಪ್ಪ,
ಅವರನ್ನೂ ಭತ್ತ ಅಂತ ಮಾರೀದಿ' ಅಂದೆ.
ಹಮಾಲ್ರು ಚೀಲದ ಮ್ಯಾಲ ಬಿದ್ದು ನಕ್ರು.
ಆ ಒಂದ ಲಾರ್‍ಯಾಗ ಸಾವ್ಕಾರ್ಗೆ
ಎರಡೂವರಿ ಕ್ವಿಂಟಲ್ ಉಳೀತು.

ಲಕ್ಷ್ಮಿ ಪೂಜಿ ದಿನ ಮ್ಯಾನೇಜರ್ ವಿರುಪಾಕ್ಷಗೌಡ್ರು ಕರದ್ರು.
ಎಲ್ಲಾರ ಮುಂದ ಅಂದ್ರು:
'ಹುಲಿಗೆಮ್ಮನಂಥಾಕಿ ಈ ತಾಲೂಕಿನ್ಯಾಗ ಇನ್ನೊಬ್ಬಾಕಿ ಸಿಗಂಗಿಲ್ಲ.'
ಚಪ್ಪಾಳಿ.
ಕೈಯಾಗ ಪೇಡೆ ಡಬ್ಬಿ, ಡಬ್ಬಿ ಸೇರಿ ಅರ್ಧ ಕಿಲೊ.
ಆಮ್ಯಾಲ ಬಾಗಲ ಮರಿಗೆ ಬಂದು, ದನಿ ಇಳಿಸಿ:
'ಈ ವರ್ಷ ಮಾರ್ಕೆಟ್ ಬಿದ್ದೈತಿ ಬೇ,
ಇನ್ನೂರಾ ಐವತ್ತು ಏರ್ಸೀವಿ. ತಪ್ಪು ತಿಳಕೋಬ್ಯಾಡ.
ನೀ ಮನಿ ಮಗಳಿದ್ದಂಗ.'

ಮನಿ ಮಗಳಿಗೆ ಪಗಾರ ಯಾರು ಕೊಡ್ತಾರ, ಖರೆ.
ಆದ್ರ ಪಂಚಮಿಗೆ ಒಂದು ಕುಬುಸರೆ ಬರಬೇಕಿತ್ತಲ್ಲ?
ಇದನ್ನ ಅನ್ನಲಿಲ್ಲ. 'ಆತ್ರಿ' ಅಂದೆ.
ನನ್ನ ಬಾಯಿಗೆ ನನಗ ಸಿಟ್ಟು ಬಂತು.

ಮಗಳ ಸಾಲಿ ಆಟೊದಾವ ಜೂನ್‌ದಾಗ ಇನ್ನೂರು ಏರಿಸಿದ.
ಚಪ್ಪಾಳಿಗೆ ಕಾಯಲಿಲ್ಲ ಅವ,
ಮಾರ್ಕೆಟ್ಟಿನ ಮಾತು ತಗೀಲಿಲ್ಲ,
ಹಾರ್ನ್ ಹೊಡೆದು ಹೇಳಿ ಹೋದ.

ವರ್ಷಕ್ಕೊಮ್ಮೆ ತೂಕದ ಇಲಾಖೆ ಸಾಹೇಬ್ರು ಬರ್ತಾರ,
ಕಬ್ಬಿಣದ ಬಟ್ಟು ಇಟ್ಟು, ಎತ್ತಿ, ಮತ್ತ ಇಟ್ಟು,
ಸೀಲು ಒತ್ತಿ ಹೋಗ್ತಾರ: ಯಂತ್ರ ಸರಿ ಐತಿ.
ಗೂಡಿನೊಳಗ ಕುಂತಾಕಿ ಕಡೆ ಬಟ್ಟು ತರಂಗಿಲ್ಲ.

ನಿನ್ನೆ ರಾತ್ರಿ ಲಾರಿ ಇರಲಿಲ್ಲ.
ಏರಿದ ರೊಕ್ಕಕ್ಕ ಎಷ್ಟು ಬರ್ತೈತಿ ನೋಡೂಣಂತ
ನಮ್ಮ ಮಿಲ್ಲಿನ ಕೌಂಟರ್‌ದಾಗ ಸೋನಾ ಮಸೂರಿ ತಗೊಂಡೆ.
ನಾಕು ಕಿಲೊ, ಮ್ಯಾಲ ಒಂದು ಬೊಗಸಿ.
ಬಗಲಾಗ ಹಿಡಕೊಂಡು ವೇಬ್ರಿಜ್ ಹತ್ತಿ ನಡು ನಿಂತೆ,
ಹದಿನಾರು ಗಾಲಿ ನಿಲ್ಲೂ ಜಾಗದಾಗ ಎರಡು ಚಪ್ಪಲಿ.
ಗೂಡಿನ ಕಿಟಕ್ಯಾಗ ವಾಚ್‌ಮನ್ ರಾಜಾಸಾಬ.

'ಎಷ್ಟಂತೈತಿ?'
'ಅರವತ್ತು, ಅಕ್ಕಾ.'
ಅಕ್ಕಿ ಕೆಳಗ ರಸ್ತಾದ ಮ್ಯಾಲ ಇಟ್ಟು ಬಂದೆ.
'ಈಗ?'
'ಅರವತ್ತ ಐತಿ. ಕೆಟ್ಟೈತೇನು?'
'ಇಲ್ಲೋ, ಸರಿ ಐತಿ.'

ಒಳಗ ಬಂದು ಚೀಟಿ ಹೊಡದೆ.
ಗಾಡಿ ನಂಬರ್: ಖಾಲಿ ಬಿಟ್ಟೆ.
ಮಾಲು: ಅಲ್ಲೂ ಬೆರಳು ನಿಂತು, ಖಾಲಿ ಬಿಟ್ಟೆ.
ಗ್ರಾಸ್ ಅರವತ್ತು. ಟೇರ್ ಅರವತ್ತು.
ನೆಟ್ ಅನ್ನೂ ಸಾಲಿನ್ಯಾಗ
ಯಂತ್ರ ತನ್ನಷ್ಟಕ್ಕ ಸೊನ್ನಿ ಹಾಕ್ತು.

ರಾಜಾಸಾಬ ಪೇಡೆ ತಿನಕೋತ ಕೇಳಿದ,
'ಈ ಚೀಟಿ ಯಾವ ಫೈಲಿಗೆ ಹಾಕ್ತಿ?'

ಕುಬುಸದಾಗ ಇಟ್ಟಕೊಂಡೀನಿ.
ಈ ಕಾಗದದ ಅಕ್ಷರ ಭಾಳ ದಿನ ಇರಂಗಿಲ್ಲ,
ನಮ್ಮ ಬಿಸಲಿಗೆ ತಿಂಗಳೊಪ್ಪತ್ತಿನ್ಯಾಗ ಬೆಳ್ಳಗಾಗ್ತಾವ,
ಬೆವರು ಹತ್ತಿದ್ರ ಇನ್ನೂ ಲಗು.
ಗೌಡ್ರು ಸೋಮವಾರ ಹತ್ತಕ್ಕ ಬರ್ತಾರ.